ಖತೀಫಿನ ಗುರುವಾರ, ಉಳ್ಳಾಲದ ಶಾಯಿ

2005ರ ಫೆಬ್ರವರಿ ಕೊನೆ. ಸೌದಿಯ ದಮ್ಮಾಮಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಪ್ರಿಂಟಿಂಗ್ ಅಂಗಡಿಗೆ ಖತೀಫಿನ ಮೇಷ್ಟ್ರೊಬ್ಬರು ಬಂದರು. ಕೈಯಲ್ಲೊಂದು ಸಿ.ಡಿ. ಅದರಲ್ಲಿ ಒಬ್ಬರ ಫೋಟೋ, ಹೆಸರು, ಕೆಳಗೆ ನಾಲ್ಕು ಸಾಲು. ನಾಡಿದ್ದು ಸಂಜೆಗೆ ಸಾವಿರ ಕಾರ್ಡು ಬೇಕು ಎಂದರು. ‘ಇಂತಿಖಾಬಾತ್’ ಎಂಬ ಪದ ನಾನು ಮೊದಲು ಕೇಳಿದ್ದು ಆವತ್ತು. ಹಾಗೆಂದರೆ ಚುನಾವಣೆ.

ಉಳ್ಳಾಲದಿಂದ ಬಂದು ಆಗ ಎರಡು ವರ್ಷ. ಮದ್ರಸದಲ್ಲಿ ಕಲಿತ ಅರಬ್ಬಿ ಓದಲು ಸಾಕು, ಅರ್ಥಕ್ಕೆ ಸಾಲದು. ನಮ್ಮ ಕಂಪ್ಯೂಟರಿಗಂತೂ ಓದಲೂ ಬರುತ್ತಿರಲಿಲ್ಲ. ಕೈಕೈ ಹಿಡಿದು ಬಲದಿಂದ ಎಡಕ್ಕೆ ಹೋಗಬೇಕಾದ ಅಕ್ಷರಗಳು ಬಿಡಿಬಿಡಿಯಾಗಿ, ತಿರುಗಾಮುರುಗಾ ಕೂರುತ್ತಿದ್ದವು. ಅಭ್ಯರ್ಥಿಯ ಹೆಸರನ್ನು ಒಂದೊಂದೇ ಅಕ್ಷರ ಎಳೆದು ಸರಿಮಾಡಿದೆ. ಕೆಳಗಿನ ಸಾಲು ನೋಡಲೇ ಇಲ್ಲ. ಮೇಷ್ಟ್ರು ಕಾರ್ಡನ್ನು ಮೂಗಿನ ಹತ್ತಿರ ಹಿಡಿದು, “ಯಾ ಸದೀಖ್, ಇದು ನಿಮ್ಮ ಹಿಂದಿಯೋ?” ಎಂದು ನಕ್ಕರು. ರಾತ್ರಿಯಿಡೀ ಕೂತು ಮತ್ತೆ ಸಾವಿರ ಹೊಡೆದೆ. ಕಾಗದದ ದುಡ್ಡು ನನ್ನ ಸಂಬಳದಲ್ಲಿ ಹೋಯಿತು.

ರಾಜರ ದೇಶದಲ್ಲಿ ಎಂಥ ಚುನಾವಣೆ ಎಂದು ಊರಿನವರು ಈಗಲೂ ಕೇಳುತ್ತಾರೆ. ವಿಧಾನಸಭೆ, ಪಾರ್ಲಿಮೆಂಟು ಅಲ್ಲ, ಬಲದಿಯಾದ್ದು. ಬಲದಿಯಾ ಎಂದರೆ ನಗರಸಭೆ. ನಮ್ಮಂಥ ಅಂಗಡಿಯವರಿಗೆ ಆ ಹೆಸರು ಕೇಳಿದರೆ ಲೈಸೆನ್ಸು, ಬೋರ್ಡಿನ ಅಳತೆ, ದಂಡ ಇವೇ ನೆನಪಾಗುವುದು. ಅದಕ್ಕೊಂದು ಕೌನ್ಸಿಲ್ ಮಾಡಿ, ಅರ್ಧ ಸ್ಥಾನ ಜನರ ಮತಕ್ಕೆ ಬಿಟ್ಟು, ಇನ್ನರ್ಧಕ್ಕೆ ಸರ್ಕಾರವೇ ನೇಮಕ ಮಾಡುವುದು ಎಂದಾಯಿತು. 1960ರ ದಶಕದ ನಂತರ ಅಲ್ಲಿ ಮತಪೆಟ್ಟಿಗೆ ಕಂಡದ್ದೇ ಇಲ್ಲ. 178 ಕೌನ್ಸಿಲ್‌ಗಳಿಗೆ ಮೂರು ಹಂತದಲ್ಲಿ ಮತದಾನ: ಫೆಬ್ರವರಿ 10ಕ್ಕೆ ರಿಯಾದ್ ಪ್ರಾಂತ್ಯ, ಮಾರ್ಚ್ 3ಕ್ಕೆ ನಮ್ಮ ಪೂರ್ವ ಪ್ರಾಂತ್ಯ ಮತ್ತು ದಕ್ಷಿಣ, ಏಪ್ರಿಲ್ 21ಕ್ಕೆ ಮಕ್ಕಾ, ಮದೀನಾ ಸೇರಿದ ಪಶ್ಚಿಮ ಮತ್ತು ಉತ್ತರ. ಮತದಾರರು ಯಾರೆಂದರೆ 21 ದಾಟಿದ ಗಂಡಸರು, ಅದರಲ್ಲೂ ಸೈನಿಕರಲ್ಲದವರು. ಹೆಂಗಸರಿಗೆ ಇಲ್ಲ. ಇಕಾಮಾ, ಅಂದರೆ ವಾಸದ ಪರವಾನಗಿ, ಹಿಡಿದು ಬದುಕುವ ನಮಗೆ ಹೇಗೂ ಇಲ್ಲ.

ಪಕ್ಷ ಇಲ್ಲ, ಚಿಹ್ನೆ ಇಲ್ಲ. ಹಾಗಾದರೆ ಪ್ರಚಾರ ಏನು ಎಂದರೆ ಡೇರೆ. ಖಾಲಿ ಜಾಗದಲ್ಲಿ ದೊಡ್ಡ ಡೇರೆ, ನೆಲಕ್ಕೆ ಜಮಖಾನ, ಏಲಕ್ಕಿ ಹಾಕಿದ ಗಹ್ವಾ ಕಾಫಿ, ಖರ್ಜೂರ. ಕೈಬಿಚ್ಚಿ ಖರ್ಚು ಮಾಡುವವರಲ್ಲಿ ಕುರಿಮಾಂಸದ ಕಬ್ಸಾ ಅನ್ನ. ರಿಯಾದ್ ನಗರದ 7 ಸ್ಥಾನಕ್ಕೆ 640ಕ್ಕೂ ಹೆಚ್ಚು ಮಂದಿ ನಿಂತಿದ್ದರು. ಒಬ್ಬ ಮತದಾರ ತನ್ನ ವಾರ್ಡಿಗೆ ಮಾತ್ರವಲ್ಲ, ಏಳೂ ವಾರ್ಡಿಗೆ ಒಂದೊಂದು ಮತ ಹಾಕಬಹುದಿತ್ತು. ಪಕ್ಕದ ಬೀದಿಯವನೇ ಗೊತ್ತಿಲ್ಲದ ಊರಿನಲ್ಲಿ ಏಳು ಹೆಸರು ಎಲ್ಲಿಂದ ತರುವುದು? ಆಗ ಮೊಬೈಲಿಗೆ ಎಸ್ಸೆಮ್ಮೆಸ್ಸಿನಲ್ಲಿ ‘ಬಂಗಾರದ ಪಟ್ಟಿ’ ಬಂತು, ಧರ್ಮಗುರುಗಳ ಮೆಚ್ಚುಗೆ ಪಡೆದವರ ಪಟ್ಟಿ. ಗೆದ್ದವರು ಅವರೇ. ಪಕ್ಷ ಬೇಡವೆಂದು ಬಾಗಿಲು ಹಾಕಿದರೆ ಕಿಟಕಿಯಿಂದ ಬರುತ್ತದೆ ಎನ್ನುವುದನ್ನು ನಾನು ಆ ಫೋನಿನಲ್ಲಿ ನೋಡಿದೆ.

ಖತೀಫಿನ ಕಥೆ ಬೇರೆ. ದಮ್ಮಾಮಿನಿಂದ ಅರ್ಧ ಗಂಟೆ ದಾರಿ, ನೇತ್ರಾವತಿ ಸೇತುವೆ ದಾಟಿದರೆ ನಮ್ಮ ತೊಕ್ಕೊಟ್ಟು ಸಿಗುವ ಹಾಗೆ. ದೊಡ್ಡ ನಗರದ ಮಗ್ಗುಲಲ್ಲಿದ್ದೂ ತನ್ನದೇ ಮರ್ಜಿಯ ಊರು. ಖರ್ಜೂರದ ತೋಟ, ಮೀನು, ಹಳೆಯ ಗುರುವಾರದ ಸಂತೆ. ಜನ ಹೆಚ್ಚಾಗಿ ಶಿಯಾಗಳು, ದೇಶದಲ್ಲಿ ಅಲ್ಪಸಂಖ್ಯಾತರು. ರಿಯಾದಿನಲ್ಲಿ ಹೆಸರು ನೋಂದಾಯಿಸಲು ಜನ ಹಿಂದುಮುಂದು ನೋಡಿದರೆ ಇಲ್ಲಿ ಸಾಲು ನಿಂತರು. ಮತದಾನದ ಮಾರ್ಚ್ 3 ಕೂಡ ಗುರುವಾರ. ಆಗ ಅಲ್ಲಿ ವಾರದ ರಜೆ ಗುರುವಾರ ಮತ್ತು ಶುಕ್ರವಾರ. ಬಾಕಿ ವಸೂಲಿಗೆಂದು ಹೋದ ನಾನು ಬಿಳಿ ತೋಬು ತೊಟ್ಟ ಗಂಡಸರ ಸಾಲನ್ನು ಶಾಲೆಯೊಂದರ ಗೇಟಿನ ಹೊರಗಿನಿಂದ ನೋಡಿದೆ. ಗೆದ್ದವರಲ್ಲಿ ಜಾಫರ್ ಅಲ್ ಶಾಯಿಬ್ ಎಂಬ ಬರಹಗಾರರೂ ಇದ್ದರು, ಮುಂದೆ ಆ ಕೌನ್ಸಿಲ್‌ಗೆ ಅಧ್ಯಕ್ಷರಾದರು. ಅರ್ಧ ಅಧಿಕಾರದ ಕೌನ್ಸಿಲ್ ಎಂದು ಗೊತ್ತಿದ್ದೂ, ಮೇಲಿನ ಮಾತೆಲ್ಲ ಸಚಿವಾಲಯದ್ದೇ ಎಂದು ಗೊತ್ತಿದ್ದೂ ಆ ಜನ ಅದನ್ನು ಪೂರ್ತಿ ಅಧಿಕಾರದಂತೆ ಕಂಡರು. ಚರಂಡಿ, ಬೀದಿದೀಪ, ತೋಟ ಕಡಿದು ಸೈಟು ಮಾಡುವುದು, ಮೇಷ್ಟ್ರ ಬಾಯಲ್ಲಿ ಬರೀ ಇದೇ.

ನಾಲ್ಕು ವರ್ಷದ ಅವಧಿ ಮುಗಿದು 2009ಕ್ಕೆ ಆಗಬೇಕಿದ್ದ ಚುನಾವಣೆ ಎರಡು ವರ್ಷ ಮುಂದೆ ಹೋಯಿತು. 2011ರ ಸೆಪ್ಟೆಂಬರ್ 29, ಮತ್ತೆ ಗುರುವಾರ. ಈ ಸಲ ಒಬ್ಬರಿಗೆ ಒಂದೇ ಮತ. ಆ ಏಪ್ರಿಲಿನಲ್ಲಿ ಕೆಲವು ಹೆಂಗಸರು ನೋಂದಣಿ ಕೇಂದ್ರಕ್ಕೆ ಹೋಗಿ ಬರಿಗೈಯಲ್ಲಿ ವಾಪಸಾಗಿದ್ದರು. ಮತದಾನಕ್ಕೆ ನಾಲ್ಕು ದಿನ ಮೊದಲು ದೊರೆ ಅಬ್ದುಲ್ಲಾ, ಮುಂದಿನ ಸಲ ಹೆಂಗಸರೂ ನಿಲ್ಲಬಹುದು, ಮತ ಹಾಕಬಹುದು ಎಂದರು. ಅರಬ್ ದೇಶಗಳೆಲ್ಲ ಬೀದಿಗಿಳಿದ ವರ್ಷ ಅದು, ಖತೀಫಿನಲ್ಲೂ ಮೆರವಣಿಗೆ ನಡೆದಿತ್ತು. ಚುನಾವಣೆಯ ಮೇಲಿದ್ದ ಆಸೆ ಇಳಿದಿತ್ತು. ಮೇಷ್ಟ್ರು ನಮ್ಮ ಅಂಗಡಿಗೆ ಬರಲಿಲ್ಲ.

ಬಂದದ್ದು 2015ರಲ್ಲಿ, ಪೆನ್‌ಡ್ರೈವ್ ಹಿಡಿದು. ಸಂಬಂಧಿಕರೊಬ್ಬರ ಮಗಳು ನಿಂತಿದ್ದಾಳೆ ಎಂದರು. ಆಕೆಯನ್ನು ನಾನು ನೋಡಲಿಲ್ಲ, ಮತ ಹಾಕುವ ಗಂಡಸರೂ ನೋಡುವಂತಿರಲಿಲ್ಲ. ಅಭ್ಯರ್ಥಿ ಹೆಂಗಸಾದರೆ ಗಂಡಸರ ಎದುರು ನೇರ ಮಾತಾಡಬಾರದು, ಪರದೆಯ ಹಿಂದಿನಿಂದ ಅಥವಾ ಬೇರೆಯವರ ಬಾಯಿಂದ ಹೇಳಿಸಬೇಕು. ತಾರತಮ್ಯ ಆಗಬಾರದೆಂದು ಗಂಡಸರ ಫೋಟೋವನ್ನೂ ನಿಷೇಧಿಸಿದ್ದರು! ಮುಖವಿಲ್ಲದ ಪೋಸ್ಟರು ಮಾಡುವುದು ಹೇಗೆ? ಊರಿನ ಫ್ಲೆಕ್ಸುಗಳಲ್ಲಿ ಒಂದು ಹುಟ್ಟುಹಬ್ಬಕ್ಕೆ ನಲವತ್ತು ಮುಖ ತುರುಕಿ ಪಳಗಿದ ಕೈ ನನ್ನದು. ಕೊನೆಗೆ ಒಂದು ಖರ್ಜೂರದ ಮರ, ಒಂದು ಬೀದಿದೀಪ ಇಟ್ಟೆ, ನಡುವೆ ಹೆಸರು. ನಾನು ಮಾಡಿದ್ದರಲ್ಲಿ ಅದೇ ಚೆಂದದ್ದು ಎಂದು ಈಗಲೂ ಅನಿಸುತ್ತದೆ. ಅಕ್ಷರಗಳು ಈ ಸಲ ಕೈ ಬಿಟ್ಟಿರಲಿಲ್ಲ.

ಮತದಾನ ಡಿಸೆಂಬರ್ 12, ಶನಿವಾರ. 2013ರಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರಕ್ಕೆ ಬದಲಾಗಿದ್ದರಿಂದ ಚುನಾವಣೆಯೂ ಅದರ ಹಿಂದೆ ಹೋಯಿತು. ಮತದ ವಯಸ್ಸು 18ಕ್ಕೆ ಇಳಿಯಿತು, ಆಯ್ಕೆಯ ಪಾಲು ಮೂರರಲ್ಲಿ ಎರಡಕ್ಕೆ ಏರಿತು. 979 ಹೆಂಗಸರು ನಿಂತರು. ಆದರೆ ಮತದಾರರ ಪಟ್ಟಿಯಲ್ಲಿ ಗಂಡಸರು 13.5 ಲಕ್ಷದಷ್ಟಿದ್ದರೆ ಹೆಂಗಸರು ಸುಮಾರು 1.3 ಲಕ್ಷ. ವಿಳಾಸಕ್ಕೆ ದಾಖಲೆ ಕೊಡಬೇಕು, ಮನೆಪತ್ರ ತಂದೆಯದೋ ಗಂಡನದೋ ಹೆಸರಲ್ಲಿ. ಕೇಂದ್ರಕ್ಕೆ ಕಾರು ಓಡಿಸಿಕೊಂಡು ಹೋಗುವಂತಿಲ್ಲ, ಆ ಅನುಮತಿ ಬಂದದ್ದು 2018ಕ್ಕೆ. ಹೀಗಿದ್ದೂ ಸುಮಾರು 20 ಮಂದಿ ಗೆದ್ದರು. ಮೊದಲು ಹೆಸರು ಹೊರಬಿದ್ದದ್ದು ಮಕ್ಕಾ ಕಡೆಯ ಮದ್ರಕಾದ ಸಲ್ಮಾ ಅಲ್ ಉತೈಬಿ ಅವರದು. ಖತೀಫಿನಲ್ಲೂ ಒಬ್ಬರು ಗೆದ್ದರು, ಖದ್ರಾ ಅಲ್ ಮುಬಾರಕ್. ಮೇಷ್ಟ್ರ ಕಡೆಯ ಹುಡುಗಿ ಸೋತಳು. ಬಾಕಿ ದುಡ್ಡು ಮಾತ್ರ ಮರುದಿನವೇ ಬಂತು. ಸೋತವರು ಬಾಕಿ ಕೊಡುವುದನ್ನು ನಮ್ಮ ಕಡೆ ನಾನು ಕಂಡಿಲ್ಲ.

ನಮ್ಮ ಕಡೆ ಎಂದೆನಲ್ಲ. ನನ್ನ ಕ್ಷೇತ್ರದ ಹೆಸರು ಉಳ್ಳಾಲ. 2008ರ ಮರುವಿಂಗಡಣೆಯ ನಂತರ ಕಾಗದದಲ್ಲಿ ‘ಮಂಗಳೂರು’, ನಂಬರ್ 204. ಮಂಗಳೂರು ಪೇಟೆಯೇ ಅದರಲ್ಲಿಲ್ಲ ಎನ್ನುವುದು ಬೇರೆ ವಿಷಯ. ಕವಿ ಬಿ.ಎಂ. ಇದಿನಬ್ಬ ಶಾಸಕರಾಗಿದ್ದ ಕ್ಷೇತ್ರ. ಬೀಡಿ ಕಟ್ಟುವವರ ಬಲದಲ್ಲಿ 1983ಕ್ಕೆ ಸಿಪಿಎಂನ ರಾಮಚಂದ್ರ ರಾವ್, 1994ಕ್ಕೆ ಬಿಜೆಪಿಯ ಜಯರಾಮ ಶೆಟ್ಟಿ. ಉಳಿದಂತೆ ಯು.ಟಿ. ಫರೀದ್, 2007ರಲ್ಲಿ ಅವರು ತೀರಿಕೊಂಡ ಮೇಲೆ ಉಪಚುನಾವಣೆಯಿಂದ ಇಲ್ಲಿಯವರೆಗೆ ಮಗ ಖಾದರ್, ಈಗ ಸ್ಪೀಕರ್. ಇಷ್ಟೆಲ್ಲ ಬಾಯಿಪಾಠ ಇದ್ದರೂ ಹೊರದೇಶದಲ್ಲಿರುವ ನಮಗೆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 2010ರ ಕಾನೂನು ತಿದ್ದುಪಡಿಯಿಂದ. ಫಾರ್ಮ್ 6ಎ ತುಂಬಬೇಕು, ಮತದಾನದ ದಿನ ಅಸಲಿ ಪಾಸ್‌ಪೋರ್ಟ್ ಹಿಡಿದು ಊರಿನ ಬೂತಿಗೇ ಹೋಗಬೇಕು. ಪರವಾಗಿ ಬೇರೊಬ್ಬರು ಹಾಕಬಹುದೆಂಬ ಮಸೂದೆ 2018ಕ್ಕೆ ಲೋಕಸಭೆಯಲ್ಲಿ ಪಾಸಾಗಿ, ಮುಂದಿನ ವರ್ಷ ಸಭೆಯ ಜೊತೆಗೇ ಮುಗಿದುಹೋಯಿತು. ಹಾಗಾಗಿ ನನ್ನ ಒಂದು ಮತದ ಬೆಲೆ ದಮ್ಮಾಮ್‌ನಿಂದ ಮಂಗಳೂರಿಗೆ ಹೋಗಿಬರುವ ಟಿಕೆಟ್ಟಿನಷ್ಟು. ರಜೆ ಹೊಂದಿಸಿಕೊಂಡು 2023ರ ಮೇ 10ಕ್ಕೆ ಹೋಗಿ ಹಾಕಿ ಬಂದೆ.

ವಾಪಸು ಬಂದ ವಾರ ಮೇಷ್ಟ್ರು ಅಂಗಡಿಗೆ ಬಂದಿದ್ದರು. ಈಗ ರಿಟೈರಾಗಿದ್ದಾರೆ, ಮೊಮ್ಮಗನ ಮದುವೆ ಕಾಗದ ಆಗಬೇಕಿತ್ತು. 2015ರ ನಂತರ ಅಲ್ಲಿ ಚುನಾವಣೆ ಆಗಿಲ್ಲ. ನನ್ನ ಎಡಗೈ ತೋರುಬೆರಳಿನ ಕಪ್ಪು ಗೆರೆ ನೋಡಿ ಗಾಯವೋ ಎಂದು ಕೇಳಿದರು. ಮೈಸೂರಿನ ಕಾರ್ಖಾನೆಯಲ್ಲಿ ಮಾಡುವ ಶಾಯಿ, ಮತ ಹಾಕಿದವರಿಗೆ ಹಚ್ಚುತ್ತಾರೆ ಎಂದೆ. ಬೆರಳು ಹಿಡಿದು, ಹೆಬ್ಬೆಟ್ಟಿನಿಂದ ಒಮ್ಮೆ ಉಜ್ಜಿ ನೋಡಿದರು. ಹೋಗಲಿಲ್ಲ. “ಎಷ್ಟು ದಿನ ಇರುತ್ತದೆ?” ಎಂದರು.

“ಉಗುರು ಬೆಳೆದು ಕತ್ತರಿಸುವ ತನಕ.”

ಅವರು ಕೈ ಬಿಟ್ಟು ಮದುವೆ ಕಾಗದದ ಪ್ರೂಫ್ ಎತ್ತಿಕೊಂಡರು. ಮೂಗಿನ ಹತ್ತಿರ ಹಿಡಿದು, ಕೆಳಗಿನ ಸಾಲಿನಿಂದ ಓದಲು ಶುರುಮಾಡಿದರು.