ಕ್ಷಣದಲ್ಲಿ ಆರುವ ಬೆಳಕಿನ ಬೆನ್ನು ಹತ್ತಿ

ಕತ್ತಲಲ್ಲಿ ಯಾರೋ ಒಮ್ಮೆ ಟಾರ್ಚ್ ಹಾಕಿ ಆರಿಸಿದರು ಎಂದುಕೊಳ್ಳಿ. ನೀವು ತಿರುಗಿ ನೋಡುವಷ್ಟರಲ್ಲಿ ಬೆಳಕಿಲ್ಲ. ಅದು ಪಕ್ಕದ ಅಂಗಳದ್ದೋ, ದೂರದ ಗುಡ್ಡದ್ದೋ? ಗಾಮಾ ಕಿರಣ ಸ್ಫೋಟಗಳ ವಿಷಯದಲ್ಲಿ ಖಗೋಳ ವಿಜ್ಞಾನಿಗಳು ಸುಮಾರು ಮೂವತ್ತು ವರ್ಷ ಇದೇ ಪೇಚಿನಲ್ಲಿದ್ದರು.

ಇವು ಕಣ್ಣಿಗೆ ಬಿದ್ದದ್ದೇ ಆಕಸ್ಮಿಕ. ಕದ್ದುಮುಚ್ಚಿ ನಡೆಯಬಹುದಾದ ಅಣ್ವಸ್ತ್ರ ಪರೀಕ್ಷೆಗಳನ್ನು ಪತ್ತೆ ಮಾಡಲು ಅಮೆರಿಕ ವೇಲಾ ಎಂಬ ಉಪಗ್ರಹಗಳನ್ನು ಹಾರಿಸಿತ್ತು. 1967ರ ಜುಲೈ 2ರಂದು ಅವು ಗಾಮಾ ಕಿರಣಗಳನ್ನೇನೋ ದಾಖಲಿಸಿದವು. ಆದರೆ ಅದರಲ್ಲಿ ಬಾಂಬಿನ ಲಕ್ಷಣವಿರಲಿಲ್ಲ. ಇಂಥ ಸ್ಫೋಟಗಳು ಭೂಮಿಯವೂ ಅಲ್ಲ, ಸೂರ್ಯನವೂ ಅಲ್ಲ ಎಂಬ ಸಂಗತಿ 1973ರಲ್ಲಿ ಪ್ರಕಟವಾಯಿತು.

ಹಾಗಾದರೆ ಎಲ್ಲಿಯವು? 1997ರಲ್ಲಿ ಬೆಪ್ಪೊಸ್ಯಾಕ್ಸ್ ಎಂಬ ಉಪಗ್ರಹ, ಸ್ಫೋಟದ ನಂತರ ಉಳಿಯುವ ಕ್ಷ-ಕಿರಣಗಳ ಮಸುಕು ಹೊಳಪನ್ನು ಹಿಡಿಯಿತು. ಅದರ ಜಾಡಿನಲ್ಲಿ ಹೋದಾಗ, ಇವು ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯವು ಎಂದು ತಿಳಿಯಿತು. ಆದರೆ ಆ ಉಪಗ್ರಹ ತಿರುಗಿ ನೋಡಲು ಗಂಟೆಗಳೇ ಹಿಡಿಯುತ್ತಿದ್ದವು. ಹೊಳಪೋ ನಿಮಿಷ ನಿಮಿಷಕ್ಕೂ ಕುಗ್ಗುತ್ತದೆ.

ಈ ಕೊರತೆ ನೀಗಲೆಂದೇ ನಾಸಾ ಸಂಸ್ಥೆ 2004ರ ನವೆಂಬರ್ 20ರಂದು 'ಸ್ವಿಫ್ಟ್' ಉಪಗ್ರಹವನ್ನು ಹಾರಿಸಿತು. ಹಾರುತ್ತಲೇ ಕೀಟ ಹಿಡಿಯುವ ಚುರುಕು ಹಕ್ಕಿಯ ಹೆಸರು ಅದು. ಗಾಮಾ ಕಿರಣಗಳನ್ನು ಸಾಮಾನ್ಯ ಕನ್ನಡಿಯಿಂದ ಒಂದೆಡೆ ಕೂಡಿಸಲಾಗದು. ಆದ್ದರಿಂದ ಇಲ್ಲಿ ನೆರಳಿನ ಉಪಾಯ. ಬೆಳಿಗ್ಗೆ ನಿಮ್ಮ ಮನೆಯ ಕಿಟಕಿ ಸರಳುಗಳ ನೆರಳು ನೆಲದ ಮೇಲೆ ಎಲ್ಲಿ ಬೀಳುತ್ತದೆ, ಮಧ್ಯಾಹ್ನ ಎಲ್ಲಿ ಬೀಳುತ್ತದೆ, ಗಮನಿಸಿ. ನೆರಳು ನೋಡಿಯೇ ಸೂರ್ಯನ ದಿಕ್ಕು ಹೇಳಬಹುದಲ್ಲವೇ? ಸ್ವಿಫ್ಟ್‌ನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಸೀಸದ ಬಿಲ್ಲೆಗಳನ್ನು ಕ್ರಮವಿಲ್ಲದೆ ಜೋಡಿಸಿದ ಹಲಗೆಯಿದೆ. ಅದರಡಿ 32,768 ಪುಟ್ಟ ಸಂವೇದಕಗಳು. ಯಾವುದರ ಮೇಲೆ ನೆರಳು, ಯಾವುದರ ಮೇಲೆ ಕಿರಣ ಎಂದು ಗಣಕವೇ ಲೆಕ್ಕ ಹಾಕಿ ದಿಕ್ಕನ್ನು ಗೊತ್ತುಮಾಡುತ್ತದೆ. ಭೂಮಿಯಿಂದ ಅಪ್ಪಣೆ ಬರಲೆಂದು ಕಾಯುವುದಿಲ್ಲ. ಒಳಗಿನ ಚಕ್ರಗಳು ಒಂದು ಕಡೆ ತಿರುಗಿದರೆ ಉಪಗ್ರಹ ಅದರ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಒಂದೆರಡು ನಿಮಿಷಗಳಲ್ಲೇ ಅದರ ಕ್ಷ-ಕಿರಣ ದೂರದರ್ಶಕವೂ, ನೇರಳಾತೀತ ಮತ್ತು ಸಾಮಾನ್ಯ ಬೆಳಕಿನ ದೂರದರ್ಶಕವೂ ಆ ಜಾಗವನ್ನು ದಿಟ್ಟಿಸುತ್ತಿರುತ್ತವೆ.

ಫಲವೇನು? 2008ರ ಮಾರ್ಚ್ 19ರಂದು ಸ್ವಿಫ್ಟ್ ಕಂಡ ಸ್ಫೋಟದ ಬೆಳಕು ಸುಮಾರು 750 ಕೋಟಿ ವರ್ಷ ಪ್ರಯಾಣ ಮಾಡಿ ಬಂದದ್ದು. ಅದು ಹೊರಟಾಗ ನಮ್ಮ ಭೂಮಿ ಹುಟ್ಟಿಯೇ ಇರಲಿಲ್ಲ! ಆದರೂ ಅರ್ಧ ನಿಮಿಷದಷ್ಟು ಕಾಲ, ದೀಪಗಳಿಲ್ಲದ ಕಡು ಕತ್ತಲ ಊರಿನಲ್ಲಿ ಬರಿಗಣ್ಣಿಗೆ ಕಾಣುವಷ್ಟು ಪ್ರಖರವಾಗಿತ್ತು. ಸೂರ್ಯನಿಗಿಂತ ಹಲವು ಪಟ್ಟು ಭಾರವಾದ ನಕ್ಷತ್ರ ತನ್ನೊಳಗೇ ಕುಸಿದಾಗ ಇಂಥ ದೀರ್ಘ ಸ್ಫೋಟ ಉಂಟಾಗುತ್ತದೆ. ಎರಡು ಸೆಕೆಂಡಿಗೂ ಕಡಿಮೆ ಇರುವವು ಹೆಚ್ಚಾಗಿ ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಿಂದಾದವು.

ಸ್ವಿಫ್ಟ್ ಎರಡು ವರ್ಷ ದುಡಿದರೆ ಸಾಕೆಂದು ಕಳಿಸಿದ್ದು. ಎರಡು ದಶಕ ದುಡಿಯಿತು. ಆದರೆ ಅದಕ್ಕೆ ಎಷ್ಟೇ ಚುರುಕಾಗಿ ತಿರುಗಲು ಬಂದರೂ ಮೇಲೇರಲು ಬಾರದು, ಏಕೆಂದರೆ ತನ್ನದೇ ಎಂಜಿನ್ ಇಲ್ಲ. ಸೂರ್ಯನ ಚಟುವಟಿಕೆ ಹೆಚ್ಚಿ ಮೇಲಿನ ವಾಯುಮಂಡಲ ಉಬ್ಬಿದ್ದರಿಂದ ಅದರ ಕಕ್ಷೆ ಬೇಗ ಬೇಗ ಇಳಿಯತೊಡಗಿತು. ಇನ್ನೊಂದು ನೌಕೆಯನ್ನು ಕಳಿಸಿ ಅದನ್ನು ಹಿಡಿದು ಮೇಲೆತ್ತುವ ಕೆಲಸವನ್ನು ನಾಸಾ 2025ರಲ್ಲಿ ಒಂದು ಖಾಸಗಿ ಕಂಪನಿಗೆ ವಹಿಸಿತು.