ಕಿಸೆಯೊಳಗಿನ ಡಂಗುರ

2023ರ ಅಕ್ಟೋಬರ್ 12ರಂದು ಕರ್ನಾಟಕದ ಎಷ್ಟೋ ಮೊಬೈಲುಗಳು ಒಮ್ಮೆಲೇ ಕೂಗಿಕೊಂಡವು. ಸೈಲೆಂಟಿನಲ್ಲಿದ್ದ ಫೋನೂ ನಡುಗಿ, ಪರದೆಯ ಮೇಲೆ ಎಚ್ಚರಿಕೆ ಮೂಡಿಸಿತು. ಅದು ದೂರಸಂಪರ್ಕ ಇಲಾಖೆ ನಡೆಸಿದ ಪರೀಕ್ಷೆ. ಆಮೇಲೆ ಚನ್ನಗಿರಿಯಲ್ಲಿ ಮಾತಾಡಲಿ, ಜಗಳೂರಿನಲ್ಲಿ ಮಾತಾಡಲಿ, ನನಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: "ಸರ್ಕಾರಕ್ಕೆ ನಮ್ಮ ನಂಬರ್ ಹೆಂಗೆ ಸಿಕ್ತು ಸಾರ್?"

ಸಿಕ್ಕಿಲ್ಲ. ಈ ಕೆಲಸಕ್ಕೆ ನಂಬರೇ ಬೇಕಿಲ್ಲ.

ಎಸ್ಸೆಮ್ಮೆಸ್ ಅಂಚೆಯವನಿದ್ದ ಹಾಗೆ. ವಿಳಾಸ ಹಿಡಿದು ಮನೆಮನೆಗೆ ಹೋಗಬೇಕು, ಕಾಗದ ಹೆಚ್ಚಾದರೆ ತಡವಾಗುತ್ತದೆ. ಅಂದು ಬಂದದ್ದು ಸೆಲ್ ಬ್ರಾಡ್‌ಕಾಸ್ಟ್, ಅಂದರೆ ಡಂಗುರ. ತಳವಾರ ಊರ ನಡುವೆ ನಿಂತು ಒಮ್ಮೆ ಸಾರಿದರೆ ಸದ್ದು ಮುಟ್ಟುವಷ್ಟು ದೂರದವರೆಲ್ಲ ಕೇಳುತ್ತಾರೆ. ಅವನ ಕೈಯಲ್ಲಿ ಹೆಸರಿನ ಪಟ್ಟಿ ಇರುವುದಿಲ್ಲ. ಟವರೂ ಹಾಗೆಯೇ ಒಂದು ಸಲ ಸಾರುತ್ತದೆ, ಅದರ ವ್ಯಾಪ್ತಿಯ ಫೋನುಗಳು ಕೇಳಿಸಿಕೊಳ್ಳುತ್ತವೆ. ಯಾರು ಕೇಳಿಸಿಕೊಂಡರು ಎಂಬುದು ಟವರಿಗೂ ಗೊತ್ತಾಗುವುದಿಲ್ಲ. ಇಂಟರ್ನೆಟ್ ಬೇಡ, ಕರೆಗಳ ನೂಕುನುಗ್ಗಲಿನಲ್ಲೂ ಇದು ಸಿಕ್ಕಿಕೊಳ್ಳದು. ಎಷ್ಟು ಸಲ ವಿವರಿಸಿದರೂ ಈ ಸರಳತೆ ನನಗೆ ಹಳತಾಗಿಲ್ಲ.

ಇದರಿಂದ ಮೂರು ಮಾತು ಹೊರಡುತ್ತವೆ. ಹೊನ್ನಾಳಿಗೆ ಸಾರಿದ ಎಚ್ಚರಿಕೆ ಬೆಂಗಳೂರಿನಲ್ಲಿರುವ ಮಗನಿಗೆ ಬರುವುದಿಲ್ಲ, ಊರಲ್ಲಿರುವ ಅಜ್ಜಿಯ ಫೋನಿಗೇ ಬರಬೇಕು. ಫ್ಲೈಟ್ ಮೋಡಿನಲ್ಲಿಟ್ಟರೆ, ಇಲ್ಲವೇ ಸೆಟ್ಟಿಂಗಿನಲ್ಲಿ ಎಚ್ಚರಿಕೆ ಆಫ್ ಮಾಡಿಟ್ಟರೆ ಡಂಗುರಕ್ಕೆ ಕಿವಿ ಮುಚ್ಚಿಕೊಂಡಂತೆ. ಇನ್ನು, ಒಟಿಪಿಯನ್ನೋ ಬ್ಯಾಂಕ್ ಖಾತೆಯ ಸಂಖ್ಯೆಯನ್ನೋ ಕೇಳುವ 'ಎಚ್ಚರಿಕೆ' ಖಂಡಿತ ಮೋಸ.

ಯುದ್ಧದ ಸೈರನ್ ಬೇರೆ. 2025ರ ಮೇ ತಿಂಗಳ 'ಆಪರೇಷನ್ ಅಭ್ಯಾಸ್'ನಲ್ಲಿ ಬೆಂಗಳೂರು, ರಾಯಚೂರು, ಕಾರವಾರಗಳಲ್ಲಿ ಅಣಕು ಕವಾಯತು ನಡೆಯಿತು. ಏರಿಳಿಯುತ್ತ ಊಳಿಡುವ ಸದ್ದು ಅಪಾಯದ್ದು, ಒಂದೇ ಸಮನೆ ಮೊಳಗುವುದು ಅಪಾಯ ಕಳೆದದ್ದಕ್ಕೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ನಮ್ಮ ಕಡೆ ಜನ ಹೆಚ್ಚು ಎಡವುವುದು ಹೊಳೆಯ ವಿಚಾರದಲ್ಲಿ. "ಇಲ್ಲಿ ಹನಿ ಮಳೆಯಿಲ್ಲ, ಪ್ರವಾಹ ಎಲ್ಲಿಂದ ಬರ್ತದೆ?" ಎನ್ನುತ್ತಾರೆ. ಹೊನ್ನಾಳಿಯ ಪ್ರವಾಹ ಹುಟ್ಟುವುದು ಶೃಂಗೇರಿ, ತೀರ್ಥಹಳ್ಳಿಯ ಮಳೆಯಲ್ಲಿ. ಲಕ್ಕವಳ್ಳಿಯ ಭದ್ರಾ ಜಲಾಶಯ 71 ಟಿಎಂಸಿಗಿಂತ ಹೆಚ್ಚು ನೀರು ಹಿಡಿಯುತ್ತದೆ, ಗಾಜನೂರಿನ ತುಂಗಾ ಅಣೆಕಟ್ಟೆಯಲ್ಲಿ ಹಿಡಿಯುವುದು ಮೂರು ಟಿಎಂಸಿ ಚಿಲ್ಲರೆ. ಹಾಗಾಗಿ ಮಲೆನಾಡಿನಲ್ಲಿ ಜಡಿಮಳೆ ಹಿಡಿದರೆ ತುಂಗೆ ಗಾಜನೂರಿನಲ್ಲಿ ನಿಲ್ಲದೆ ಹರಿದು, ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ, ನ್ಯಾಮತಿ ಸೀಮೆಯ ನದಿಯಂಚನ್ನು ದಾಟಿ ಹೊನ್ನಾಳಿಗೆ ಬರುತ್ತದೆ. ಬಾಲರಾಜ್ ಘಾಟ್‌ನವರು ಮನೆ ಬಿಡಬೇಕಾಗುವುದು ಆಗಲೇ. ನೀರು ಇಷ್ಟು ದೂರ ಬರಲು ಹೊತ್ತು ಹಿಡಿಯುತ್ತದಲ್ಲ, ಎಚ್ಚರಿಕೆ ನಮಗೆ ಕೊಡುವುದು ಅದನ್ನೇ. ಬಿಸಿಲು ನೋಡಿ ಆ ಹೊತ್ತನ್ನು ಕಳೆದುಕೊಳ್ಳಬಾರದು.

ಬಯಲುಸೀಮೆಯ ಜಗಳೂರಿನಲ್ಲಿ ಹೊಲದಲ್ಲಿರುವವರಿಗೆ ಭಯ ಸಿಡಿಲಿನದು. ಮಿಂಚು ಕಂಡೊಡನೆ ಎಣಿಸಿ. ಮೂವತ್ತು ಸೆಕೆಂಡಿನೊಳಗೆ ಗುಡುಗಿದರೆ ಮರದಡಿ ನಿಲ್ಲದೆ ಪಕ್ಕಾ ಕಟ್ಟಡ ಸೇರಿ, ಕೊನೆಯ ಗುಡುಗಿನ ಮೇಲೆ ಅರ್ಧಗಂಟೆ ಹೊರಬರಬೇಡಿ.

ಮನೆಯ ಸಿದ್ಧತೆ ದೊಡ್ಡದೇನಲ್ಲ. ಪಹಣಿ, ಆಧಾರ್, ಪಾಸ್‌ಬುಕ್ಕಿನ ನಕಲುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ಚೀಲಕ್ಕೆ ಹಾಕಿ. ಬಿಪಿ, ಸಕ್ಕರೆ ಕಾಯಿಲೆಯ ಒಂದು ವಾರದ ಮಾತ್ರೆ, ಟಾರ್ಚು, ನೀರು, ಅವಲಕ್ಕಿ, ಬೆಲ್ಲ ಇರಲಿ. 112 ಮತ್ತು ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆಯಿರಿ. ದನಗಳ ಕಣ್ಣಿ ಬಿಚ್ಚುವುದು ಯಾರ ಕೆಲಸ ಎಂಬುದನ್ನು ಈಗಲೇ ಗೊತ್ತು ಮಾಡಿ.

ಈ ಅಧ್ಯಾಯ ಓದಿ ಮುಗಿಸಿದವರಲ್ಲಿ ಒಂದು ಕೋರಿಕೆ. ಶಾಲೆಯ ಭೂಪಟ ತೆಗೆದು ಗಾಜನೂರು, ಲಕ್ಕವಳ್ಳಿ, ಕೂಡ್ಲಿ, ಹೊನ್ನಾಳಿ ಎಲ್ಲಿವೆ ಎಂದು ಮಕ್ಕಳಿಗೆ ಬೆರಳಿಟ್ಟು ತೋರಿಸಲು ಹೇಳಿ. ನಮ್ಮ ಹೊಳೆಯ ಹಾದಿಯನ್ನು ಅವರು ಇನ್ನೂ ಆಳವಾಗಿ ಓದಲಿ.