ಸೇಬು ಸಾಲದ ವರ್ಷದ ಸೈಡರ್

ಮಾವಿನ ಮರ ಒಂದು ವರ್ಷ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟು, ಮರುವರ್ಷ ಬರಿದಾಗಿ ನಿಲ್ಲುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಸೇಬಿನ ಹಲವು ತಳಿಗಳ ಸ್ವಭಾವವೂ ಇದೇ. ಇಂಗ್ಲೆಂಡಿನ ಪಶ್ಚಿಮ ಭಾಗದ ಡೆವನ್, ಸಾಮರ್‌ಸೆಟ್, ಹೆರಿಫರ್ಡ್‌ಶೈರ್ ಪ್ರಾಂತಗಳ ರೈತರಿಗೆ ಈ ಏರಿಳಿತ ದೊಡ್ಡ ತಲೆನೋವಾಗಿತ್ತು. ಅಲ್ಲಿ ಸೇಬು ಬರೀ ತಿನ್ನುವ ಹಣ್ಣಲ್ಲ. ಅದರ ರಸವನ್ನು ಹುದುಗಿಸಿ ಮಾಡುವ ಸೈಡರ್ ಎಂಬ ಮದ್ಯ ಮನೆಮನೆಯ ಪಾನೀಯವಾಗಿತ್ತು. ಅಷ್ಟೇ ಅಲ್ಲ, ಹೊಲದ ಆಳುಗಳಿಗೆ ಕೂಲಿಯ ಒಂದು ಪಾಲನ್ನು ಸೈಡರ್ ರೂಪದಲ್ಲೇ ಅಳೆದು ಕೊಡುವ ಪದ್ಧತಿಯೂ ಇತ್ತು. ಬ್ರಿಟಿಷ್ ಸಂಸತ್ತು 1887ರಲ್ಲಿ ಕಾನೂನು ಮಾಡಿ ಇದನ್ನು ನಿಷೇಧಿಸಬೇಕಾಯಿತು.

ಸೇಬು ಕಡಿಮೆಯಾದ ವರ್ಷ ಆಳುಗಳೇನೂ ಕಡಿಮೆಯಾಗುವುದಿಲ್ಲ, ಅವರ ಬಾಯಾರಿಕೆಯೂ ಕಡಿಮೆಯಾಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ನಮ್ಮ ಗಾದೆ. ಆ ರೈತರು ಹಾಸಿಗೆಯನ್ನೇ ಎಳೆದು ಉದ್ದ ಮಾಡುವ ಉಪಾಯಗಳನ್ನು ಹುಡುಕಿದರು. ಹಾಗೆ ಎಳೆದಾಗ ಹಾಸಿಗೆ ಎಲ್ಲೆಲ್ಲಿ ತೆಳುವಾಯಿತು ಎಂದು ತಿಳಿಯಲು ಸ್ವಲ್ಪ ರಸಾಯನಶಾಸ್ತ್ರ, ಸ್ವಲ್ಪ ಜೀವಶಾಸ್ತ್ರ ಸಾಕು.

ಮರ ಮುನಿಸಿಕೊಳ್ಳುವುದೇಕೆ?

ಮುಂದಿನ ವರ್ಷದ ಹೂಮೊಗ್ಗುಗಳು ಸೇಬಿನ ಮರದಲ್ಲಿ ಈ ವರ್ಷದ ಬೇಸಿಗೆಯಲ್ಲೇ ರೂಪುಗೊಳ್ಳುತ್ತವೆ. ಅದೇ ಹೊತ್ತಿಗೆ ಮರದ ಮೇಲಿರುವ ಎಳೆಗಾಯಿಗಳ ಬೀಜಗಳು ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಉತ್ಪಾದಿಸುತ್ತವೆ. ಈ ಹಾರ್ಮೋನು ಹೂಮೊಗ್ಗು ಮೂಡುವುದನ್ನು ತಡೆಯುತ್ತದೆ. ಕಾಯಿ ಹೆಚ್ಚಿದಷ್ಟೂ ಬೀಜ ಹೆಚ್ಚು, ತಡೆಯೂ ಹೆಚ್ಚು. ಆದ್ದರಿಂದ ಭರ್ಜರಿ ಫಸಲಿನ ಬೆನ್ನಿಗೇ ಬರಿಗೈಯ ವರ್ಷ ಬರುತ್ತದೆ. ಎಳೆಗಾಯಿಗಳಲ್ಲಿ ಒಂದಿಷ್ಟನ್ನು ಮೊದಲೇ ಉದುರಿಸಿ ಈ ಏರಿಳಿತವನ್ನು ತಗ್ಗಿಸಬಹುದು. ಆದರೆ ಹೂ ಅರಳಿದಾಗ ಬೀಳುವ ಹಿಮಕ್ಕೆ ಅಂಥ ಸುಲಭದ ಮದ್ದಿಲ್ಲ. 2017ರ ಏಪ್ರಿಲ್‌ನಲ್ಲಿ ಯೂರೋಪಿನ ಹಲವು ದೇಶಗಳಲ್ಲಿ ಹೀಗೇ ಹೂವುಗಳು ಸುಟ್ಟುಹೋಗಿ ಆ ವರ್ಷದ ಸೇಬಿನ ಇಳುವರಿ ತೀವ್ರವಾಗಿ ಕುಸಿಯಿತು.

ರಸ ಸೈಡರ್ ಆಗುವ ಬಗೆ

ಸೈಡರ್ ಮಾಡುವ ಕ್ರಮ ಸರಳ. ಹಣ್ಣನ್ನು ತೊಳೆದು ಗಾಣದಲ್ಲಿ ಅರೆಯುತ್ತಾರೆ. ಆ ಮುದ್ದೆಯನ್ನು ಹುಲ್ಲು ಅಥವಾ ಬಟ್ಟೆಯ ಪದರಗಳ ನಡುವೆ ಇಟ್ಟು ಒತ್ತುಯಂತ್ರದಲ್ಲಿ ಹಿಂಡುತ್ತಾರೆ. 10 ಕಿಲೋ ಸೇಬಿನಿಂದ ಸುಮಾರು ಆರೂವರೆ ಲೀಟರ್ ರಸ ಸಿಗುತ್ತದೆ. ಲೀಟರಿಗೆ ಸುಮಾರು 110 ಗ್ರಾಂ ಸಕ್ಕರೆಯ ಅಂಶ ಅದರಲ್ಲಿರುತ್ತದೆ.

ಉಳಿದ ಕೆಲಸ ಯೀಸ್ಟ್ ಎಂಬ ಸೂಕ್ಷ್ಮಜೀವಿಯದು. ಹಣ್ಣಿನ ಸಿಪ್ಪೆಯ ಮೇಲೆ, ಗಾಣದ ಹಲಗೆಗಳ ಮೇಲೆ ಅದು ಸಹಜವಾಗಿಯೇ ಇರುತ್ತದೆ. ಸಕ್ಕರೆಯನ್ನು ಮದ್ಯಸಾರವಾಗಿ ಬದಲಿಸುವುದು ಜೀವಂತ ಯೀಸ್ಟಿನ ಕೆಲಸ ಎಂದು ಫ್ರಾನ್ಸಿನ ಲೂಯಿ ಪಾಶ್ಚರ್ 1857ರ ನಂತರದ ತಮ್ಮ ಪ್ರಯೋಗಗಳಲ್ಲಿ ತೋರಿಸಿಕೊಟ್ಟರು. ಲೆಕ್ಕ ಹೀಗಿದೆ: 180 ಗ್ರಾಂ ಗ್ಲೂಕೋಸ್ ಒಡೆದರೆ 92 ಗ್ರಾಂ ಮದ್ಯಸಾರ, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಅಂದರೆ ಸಕ್ಕರೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಮದ್ಯಸಾರವಾಗಿ ಉಳಿಯುತ್ತದೆ, ಇನ್ನರ್ಧ ಗಾಳಿಗೆ ಸೇರುತ್ತದೆ. ಮೇಲೆ ಹೇಳಿದ ರಸ ಪೂರ್ತಿ ಹುದುಗಿದರೆ ಅದರಲ್ಲಿ ಶೇಕಡ 6ರಿಂದ 7ರಷ್ಟು ಮದ್ಯಸಾರ ಇರುತ್ತದೆ.

ಎರಡನೆಯ ಡಿಕಾಕ್ಷನ್

ಸೇಬು ಸಾಲದಾದಾಗ ರೈತರ ಕಣ್ಣು ಬಿದ್ದದ್ದು ರಸ ತೆಗೆದ ಹಿಂಡಿಯ ಮೇಲೆ. ಎಷ್ಟೇ ಬಲವಾಗಿ ಒತ್ತಿದರೂ ಹಿಂಡಿಯಲ್ಲಿ ರಸ ಉಳಿಯುತ್ತದೆ. ಅದಕ್ಕೆ ನೀರು ಹಾಕಿ ನೆನೆಯಿಟ್ಟು ಮತ್ತೆ ಹಿಂಡಿದರೆ ಬರುವ ತೆಳು ರಸದ ಪಾನೀಯಕ್ಕೆ ಇಂಗ್ಲಿಷರು 'ಸೈಡರ್‌ಕಿನ್' ಎಂದು ಹೆಸರಿಟ್ಟರು. ತೆಂಗಿನ ತುರಿಯಿಂದ ಎರಡನೆಯ ಹಾಲು ತೆಗೆಯುವ, ಕಾಫಿ ಫಿಲ್ಟರಿಗೆ ಇನ್ನೊಮ್ಮೆ ಬಿಸಿನೀರು ಹಾಕುವ ನಮ್ಮ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಡಿಗೆ ಹಾಕುವ ನೀರು ಮೊದಲ ರಸದ ಅರ್ಧದಷ್ಟಿದ್ದರೆ ಸೈಡರ್‌ಕಿನ್ ಚೆನ್ನಾಗಿರುತ್ತದೆ, ಸರಿಸಮವಾದರೆ ತೀರಾ ಸಪ್ಪೆಯಾಗುತ್ತದೆ ಎಂದು ಹಳೆಯ ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ.

ಈ ಮಾತನ್ನು ಲೆಕ್ಕ ಹಾಕಿ ಪರೀಕ್ಷಿಸಬಹುದು. 10 ಕಿಲೋ ಸೇಬಿನಲ್ಲಿ ಉಳಿದ ಮೂರೂವರೆ ಕಿಲೋ ಹಿಂಡಿಯಲ್ಲಿ ಸುಮಾರು 2.6 ಲೀಟರ್ ರಸ ಇನ್ನೂ ಅಡಗಿದೆ ಎನ್ನೋಣ. ಅದರಲ್ಲಿರುವ ಸಕ್ಕರೆ ಸುಮಾರು 285 ಗ್ರಾಂ. ಮೂರೂಕಾಲು ಲೀಟರ್ ನೀರು ಸೇರಿಸಿದರೆ ಒಟ್ಟು ದ್ರವ ಸುಮಾರು 5.85 ಲೀಟರ್, ಲೀಟರಿಗೆ 49 ಗ್ರಾಂ ಸಕ್ಕರೆ. ಹುದುಗಿದ ಮೇಲೆ ಮದ್ಯಸಾರ ಶೇಕಡ 3ರ ಆಸುಪಾಸು. ಆರೂವರೆ ಲೀಟರ್ ನೀರು ಸೇರಿಸಿದರೆ ಲೀಟರಿಗೆ 31 ಗ್ರಾಂ ಸಕ್ಕರೆ, ಮದ್ಯಸಾರ ಬರೀ ಶೇಕಡ 2. ತಕ್ಕಡಿಯಿಲ್ಲದ ರೈತನ ನಾಲಿಗೆ ಹೇಳಿದ್ದೂ ಇದನ್ನೇ.

ಇಬ್ಬರು ಕಾವಲುಗಾರರು

ನೀರು ಹೆಚ್ಚಿದಾಗ ಕಡಿಮೆಯಾಗುವುದು ರುಚಿ ಮಾತ್ರ ಎಂದು ತಿಳಿದರೆ ತಪ್ಪಾಗುತ್ತದೆ. ಸೈಡರ್ ಕೆಡದಂತೆ ನೋಡಿಕೊಳ್ಳುವ ಕಾವಲುಗಾರರು ಇಬ್ಬರು. ಒಬ್ಬ ಮದ್ಯಸಾರ, ಇನ್ನೊಬ್ಬ ಸೇಬಿನಲ್ಲೇ ಇರುವ ಮ್ಯಾಲಿಕ್ ಆಮ್ಲ. ರಸದ ಪಿಎಚ್ ಮೌಲ್ಯ 3.8ಕ್ಕಿಂತ ಕೆಳಗಿದ್ದರೆ ಕೆಡಿಸುವ ಬ್ಯಾಕ್ಟೀರಿಯಗಳಿಗೆ ತಲೆಯೆತ್ತುವುದು ಕಷ್ಟ. ನೀರು ಬೆರೆತಾಗ ಇಬ್ಬರು ಕಾವಲುಗಾರರ ಬಲವೂ ಒಟ್ಟಿಗೇ ಕುಗ್ಗುತ್ತದೆ. ಅದಕ್ಕೇ ಸೈಡರ್‌ಕಿನ್ನನ್ನು ಬೇಗ ಕುಡಿದು ಮುಗಿಸಬೇಕಿತ್ತು. ಇಟ್ಟುಕೊಳ್ಳಬೇಕೆಂದವರು ಹಾಪ್ಸ್ ಎಂಬ ಕಹಿ ಹೂಗಳನ್ನು ಹಾಕಿ ಕುದಿಸುತ್ತಿದ್ದರು. ಹಾಪ್ಸ್‌ನ ಕಹಿಗೆ ಹಲವು ಬ್ಯಾಕ್ಟೀರಿಯಗಳನ್ನು ತಡೆಯುವ ಗುಣವಿದೆ.

ಗಾಳಿಯ ಕಥೆ ಬೇರೆ. ಹುದುಗಿದ ರಸಕ್ಕೆ ಗಾಳಿ ಆಡಿದರೆ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಗಳು ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಬದಲಿಸುತ್ತವೆ. ಆಗ ಸೈಡರ್ ಹೋಗಿ ವಿನೆಗರ್ ಆಗುತ್ತದೆ. ಒಳಗಿನ ಅನಿಲ ಗುಳ್ಳೆಗುಳ್ಳೆಯಾಗಿ ಹೊರಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಪಾತ್ರೆಯ ಬಾಯಿಗೆ ನೀರು ತುಂಬಿದ ಬಾಗುಕೊಳವೆ ಜೋಡಿಸುವುದು ಇದಕ್ಕಾಗಿಯೇ.

ಸಕ್ಕರೆ ಸುರಿದರೆ ಸಾಕೇ?

ತೆಳುವಾದ ರಸಕ್ಕೆ ಸಕ್ಕರೆ ಸೇರಿಸಿದರೆ ಮದ್ಯಸಾರವೇನೋ ಏರುತ್ತದೆ. ದ್ರಾಕ್ಷಾರಸದ ವಿಚಾರದಲ್ಲಿ ಈ ಉಪಾಯವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶಾಪ್ತಾಲ್ 1801ರಲ್ಲೇ ಪ್ರಚಾರಕ್ಕೆ ತಂದರು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹಾಕಿದರೆ ಮದ್ಯಸಾರ ಶೇಕಡ 1ರಷ್ಟು ಏರುತ್ತದೆ. ಮೊದಲ ಕಾವಲುಗಾರ ಹೀಗೆ ಚೇತರಿಸಿಕೊಂಡ. ಆದರೆ ಸಕ್ಕರೆಯಲ್ಲಿ ಆಮ್ಲವಿಲ್ಲ, ಹಣ್ಣಿನ ಒಗರಿಲ್ಲ, ಪರಿಮಳವಿಲ್ಲ. ಯೀಸ್ಟ್ ಬೆಳೆಯಲು ಬೇಕಾದ ಸಾರಜನಕದ ಸಂಯುಕ್ತಗಳೂ ಇಲ್ಲ. ಬರೀ ಅನ್ನ ತಿಂದು ಬೆಳೆದ ಮಗುವಿನಂತೆ ಯೀಸ್ಟ್ ಸೊರಗುತ್ತದೆ. ಹುದುಗುವಿಕೆ ಅರ್ಧಕ್ಕೇ ನಿಲ್ಲಬಹುದು. ಸೊರಗಿದ ಯೀಸ್ಟ್ ಬಿಡುವ ಹೈಡ್ರೋಜನ್ ಸಲ್ಫೈಡಿನಿಂದ ಕೊಳೆತ ಮೊಟ್ಟೆಯ ವಾಸನೆಯೂ ಹೊಡೆಯಬಹುದು.

ಎರಡನೆಯ ಕಾವಲುಗಾರನನ್ನು ಕರೆತರಲು ಅನುಭವಸ್ಥರು ಕಾಡುಸೇಬನ್ನು ಹುಡುಕುತ್ತಿದ್ದರು. ಬೇಲಿಸಾಲಿನಲ್ಲಿ ಬೆಳೆಯುವ ಈ ಪುಟ್ಟ ಹಣ್ಣನ್ನು ಬಾಯಿಗೆ ಇಡಲಾಗದು, ಅಷ್ಟು ಹುಳಿ, ಅಷ್ಟು ಒಗರು. ಸಪ್ಪೆ ರಸಕ್ಕೆ ಬೇಕಾದದ್ದೂ ಅದೇ. ಬ್ರಿಸ್ಟಲ್ ನಗರದ ಬಳಿಯ ಲಾಂಗ್ ಆಷ್ಟನ್‌ನಲ್ಲಿ 1903ರಲ್ಲಿ ಆರಂಭವಾಗಿ 2003ರವರೆಗೆ ನಡೆದ ಸಂಶೋಧನಾ ಕೇಂದ್ರ ಈ ತಿಳಿವಳಿಕೆಗೆ ಅಂಕಿಗಳ ರೂಪ ಕೊಟ್ಟಿತು. ಆಮ್ಲ ಶೇಕಡ 0.45ಕ್ಕಿಂತ ಹೆಚ್ಚೋ ಕಡಿಮೆಯೋ, ಒಗರಿನ ಟ್ಯಾನಿನ್ ಶೇಕಡ 0.2ಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ನೋಡಿ ಸೈಡರ್ ಸೇಬುಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿತು. ಸೇಬು ದುಬಾರಿಯಾದಾಗ ಪೊಟ್ಟಣದ ರಸವನ್ನೇ ಕೊಳ್ಳುವವರು ಈಗ ಅಲ್ಲಿದ್ದಾರೆ. ಅವರು ಮೊದಲು ಓದಬೇಕಾದದ್ದು ಚೀಟಿಯನ್ನು. ಪೊಟ್ಯಾಸಿಯಂ ಸಾರ್ಬೇಟ್ ಬೆರೆಸಿದ ರಸದಲ್ಲಿ ಯೀಸ್ಟ್ ಬೆಳೆಯಲಾರದು.

ಡೆವನ್‌ನ ಹೊಟ್ಟೆನೋವು

ಆಮ್ಲ ಕಾವಲುಗಾರ ನಿಜ. ಆದರೆ ಅದು ತಾನು ತಂಗುವ ಮನೆಯನ್ನೇ ಕರಗಿಸಬಲ್ಲದು. 1724ರಲ್ಲಿ ಡೆವನ್‌ನಲ್ಲಿ ಸೇಬು ಯಥೇಚ್ಛವಾಗಿ ಬಂದಿತ್ತು. ಜನ ಸೈಡರನ್ನು ಧಾರಾಳವಾಗಿ ಕುಡಿದರು. ಆ ಶರತ್ಕಾಲದಲ್ಲಿ ಭಯಂಕರ ಹೊಟ್ಟೆನೋವು ಊರೂರಿಗೆ ಹಬ್ಬಿತು. ಕೆಲವರ ಕೈಗಳು ಬಲ ಕಳೆದುಕೊಂಡು ಜೋತುಬಿದ್ದವು. ಅಲ್ಲಿನ ವೈದ್ಯ ಜಾನ್ ಹಕ್ಸಮ್ ಹೊಸ ಸೈಡರಿನ ಹುಳಿಯೇ ಇದಕ್ಕೆ ಕಾರಣವೆಂದು ಬರೆದರು.

ನಿಜವಾದ ಕಾರಣ ಹೊರಬಿದ್ದದ್ದು 1767ರಲ್ಲಿ. ಡೆವನ್‌ನಲ್ಲೇ ಹುಟ್ಟಿದ ವೈದ್ಯ ಜಾರ್ಜ್ ಬೇಕರ್ ಒಂದು ಪ್ರಶ್ನೆ ಎತ್ತಿದರು: ಸೈಡರ್ ಕುಡಿಯುವ ಹೆರಿಫರ್ಡ್‌ಶೈರಿನಲ್ಲಿ ಈ ರೋಗ ಏಕಿಲ್ಲ? ಅವರು ಎರಡೂ ಕಡೆಯ ಗಾಣಗಳನ್ನು ಹೋಲಿಸಿದರು. ಡೆವನ್‌ನ ಗಾಣಗಳಲ್ಲಿ ಕಲ್ಲುಗಳ ಸಂದುಗಳಿಗೆ ಸೀಸ ಹೊಯ್ದಿದ್ದರು. ಕೆಲವು ಕಡೆ ಒತ್ತುಯಂತ್ರಕ್ಕೆ ಸೀಸದ ತಗಡು ಹೊದಿಸಿದ್ದರು. ಹೆರಿಫರ್ಡ್‌ಶೈರಿನಲ್ಲಿ ಈ ರೂಢಿ ಇರಲಿಲ್ಲ. ಬೇಕರ್ ಎರಡೂ ಕಡೆಯ ಸೈಡರನ್ನು ರಾಸಾಯನಿಕ ಪರೀಕ್ಷೆಗೆ ಒಡ್ಡಿದರು. ಡೆವನ್‌ನ ಸೈಡರಿನಲ್ಲಿ ಸೀಸವಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಹುಳಿರಸ ಸೀಸವನ್ನು ಕರಗಿಸಿಕೊಂಡಿತ್ತು. ಸೀಸದ ಅಸಿಟೇಟ್ ನಾಲಿಗೆಗೆ ಸಿಹಿಯಾದ್ದರಿಂದ ರುಚಿ ನೋಡಿ ವಿಷವನ್ನು ಗುರುತಿಸುವಂತೆಯೂ ಇರಲಿಲ್ಲ.

ತವರಿನ ತೋಟಗಾರರು ಬೇಕರ್ ಮೇಲೆ ಸಿಡಿದೆದ್ದರು. ತಮ್ಮ ಸೈಡರಿಗೆ ಕೆಟ್ಟ ಹೆಸರು ಬಂತೆಂಬುದು ಅವರ ಕೋಪ. ಆದರೆ ಗಾಣಗಳಿಂದ ಸೀಸ ಹೋದಂತೆ ರೋಗವೂ ಮಾಯವಾಯಿತು. ಎರಡು ಊರುಗಳಲ್ಲಿ ಉಳಿದದ್ದೆಲ್ಲ ಒಂದೇ ಆಗಿದ್ದು ಯಾವುದೊಂದು ಬೇರೆ ಎಂದು ಹುಡುಕುವ ಈ ಕ್ರಮವನ್ನೇ ವಿದ್ಯಾರ್ಥಿಗಳು ಇಂದು ಪ್ರಯೋಗಾಲಯದಲ್ಲಿ 'ತುಲನೆಯ ಪ್ರಯೋಗ' ಎಂದು ಕಲಿಯುತ್ತಾರೆ. ಹುಳಿ ಪದಾರ್ಥವನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಇಡಬಾರದೆಂಬ ನಮ್ಮ ಅಜ್ಜಿಯಂದಿರ ಎಚ್ಚರಿಕೆಯ ಹಿಂದಿರುವುದೂ ಇದೇ ರಸಾಯನಶಾಸ್ತ್ರ.

ಮನೆಯಲ್ಲಿ ಮಾಡಬಹುದಾದದ್ದು

ಪೋಷಕರು ಒಂದು ಮಾತನ್ನು ಗಮನಿಸಬೇಕು. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಇಂಗ್ಲೆಂಡಿನ ರೈತನ ಸೈಡರ್ ನಮ್ಮ ಅಡುಗೆಮನೆಗೆ ಬರುವಂತಿಲ್ಲ. ಅದರ ಹಿಂದಿನ ವಿಜ್ಞಾನ ಮಾತ್ರ ಬರಬಹುದು.

ಎರಡು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಒಂದೊಂದು ಲೋಟ ಉಗುರುಬೆಚ್ಚಗಿನ ನೀರು, ಅರ್ಧರ್ಧ ಚಮಚ ಬೇಕರಿ ಯೀಸ್ಟ್ ಹಾಕಬೇಕು. ಒಂದಕ್ಕೆ ಮಾತ್ರ ನಾಲ್ಕು ಚಮಚ ಸಕ್ಕರೆ ಬೆರೆಸಬೇಕು. ಎರಡರ ಬಾಯಿಗೂ ಬಲೂನು ಸಿಕ್ಕಿಸಿ ಒಂದೆರಡು ಗಂಟೆ ಬಿಟ್ಟು ನೋಡಿದರೆ ಸಕ್ಕರೆಯಿರುವ ಬಾಟಲಿಯ ಬಲೂನು ಉಬ್ಬಿರುತ್ತದೆ. ಆ ಅನಿಲವನ್ನು ಕೊಳವೆಯ ಮೂಲಕ ಸುಣ್ಣದ ತಿಳಿನೀರಿಗೆ ಹಾಯಿಸಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಬಂದ ಅನಿಲ ಇಂಗಾಲದ ಡೈಆಕ್ಸೈಡ್ ಎಂಬುದಕ್ಕೆ ಅದೇ ಸಾಕ್ಷಿ. ಪ್ರಯೋಗ ಮುಗಿದ ಕೂಡಲೇ ದ್ರವವನ್ನು ಚೆಲ್ಲಿಬಿಡಬೇಕು. ಮುಚ್ಚಳವನ್ನಂತೂ ಎಂದೂ ಬಿಗಿಯಬಾರದು. ನಾಲ್ಕು ಚಮಚ, ಅಂದರೆ 20 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಹುಟ್ಟುವ ಅನಿಲ ಸುಮಾರು 5 ಲೀಟರ್. ಬಿಗಿದ ಬಾಟಲಿ ಸಿಡಿಯಲು ಅಷ್ಟು ಬೇಕಾದಷ್ಟಾಯಿತು.